ಹನ್ನೆರಡು ರೆಕಾರ್ಡಿಗೂ ಐವತ್ತಮೂರು

ನಂಜನಗೂಡಿನ ಒಂದು ಕಾಲೇಜಿನಲ್ಲಿ ನಾನು ಮೂರು ವರ್ಷ ಪಾರ್ಟ್ ಟೈಮ್ ಲೆಕ್ಚರರ್ ಆಗಿದ್ದೆ. ಕಾಲೇಜಿನ ಹೆಸರು ಬೇಡ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿದ್ದ ಕಾಲ. ಫಿಸಿಕ್ಸ್ ವಿಭಾಗದಲ್ಲಿ ಕಾಯಂ ಆಗಿದ್ದವರು ಮುಖ್ಯಸ್ಥರು ಒಬ್ಬರೇ. ಪಾಠ, ಲ್ಯಾಬು, ಟೆಸ್ಟು, ಪೇಪರ್ ತಿದ್ದೋದು ಮುಕ್ಕಾಲುಪಾಲು ನನ್ನ ತಲೆ ಮೇಲೆ. ಪ್ರತಿ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಮುಖ್ಯಸ್ಥರು ಒಂದು ಪಟ್ಟಿ ಬರೆದು ಪ್ರಿನ್ಸಿಪಾಲರ ಮೇಜಿನ ಮೇಲೆ ಇಡುತ್ತಿದ್ದರು. ಅದರಲ್ಲಿ ಹೆಸರಿದ್ದರೆ ಆ ವರ್ಷ ನಾನು ಮೇಷ್ಟ್ರು. ಇಲ್ಲದಿದ್ದರೆ ಅಪ್ಪನ ಹಿಂದೆ ತಾಂಡ್ಯದ ಫ್ಯಾಕ್ಟರಿ ಗೇಟಿಗೆ ಹೋಗಿ ನಿಲ್ಲಬೇಕು. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ಸಲವೂ ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ.

ನಮ್ಮೂರು ತಿ. ನರಸೀಪುರದಿಂದ ಒಳಗೆ. ಅಪ್ಪ ತಾಂಡ್ಯದಲ್ಲಿ ಲಾರಿಗೆ ಲೋಡು ಹಾಕುತ್ತಿದ್ದ. ಅವ್ವ ಬೇರೆಯವರ ಗದ್ದೆಗೆ ನಾಟಿಗೆ ಹೋಗುತ್ತಿದ್ದಳು. ಎರಡೂ ಕಡೆಯ ಸಂಬಂಧದಲ್ಲಿ ಹೈಸ್ಕೂಲು ದಾಟಿದವನು ನಾನೇ ಮೊದಲು. ಹಾಸ್ಟೆಲ್ಲಿನ ಸಾರು ಕುಡಿದು ಬಿಎಸ್ಸಿ ಮಾಡಿದೆ, ಮೈಸೂರಿನಲ್ಲಿ ಎಂಎಸ್ಸಿ ಮಾಡಿದೆ. ನನ್ನ ಕಬ್ಬಿಣದ ಟ್ರಂಕಿನ ಮೇಲೆ ಹೆಸರಿನ ಮುಂದೆ ‘ಎಂ.ಎಸ್ಸಿ.’ ಅಂತ ಬಿಳಿ ಪೇಂಟಿನಲ್ಲಿ ಬರೆಸಿದ್ದೆ. ತಂಗಿ ಮದುವೆ ಕಾಗದದಲ್ಲಿ ಬೀಗರ ಹೆಸರಿಗಿಂತ ನನ್ನ ಡಿಗ್ರಿ ದಪ್ಪ ಅಕ್ಷರದಲ್ಲಿ ಬಂತು. ನಕ್ಕವರು ಇದ್ದರು. ಮನೆ ತುಂಬ ಡಿಗ್ರಿ ಇರುವವರು ನಗಬಹುದು. ನಾನು ಈಗಲೂ ಬರೆಯುತ್ತೇನೆ.

ನಮ್ಮ ಕಡೆಯ ಲ್ಯಾಬುಗಳ ಸಂಪ್ರದಾಯ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ವಿದ್ಯಾರ್ಥಿ ಮಾಡಿದ ಪ್ರಯೋಗವನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಬರೆಯಬೇಕು. ಅದಕ್ಕೆ ರೆಕಾರ್ಡ್ ಅನ್ನುತ್ತೇವೆ. ಮುಖ್ಯಸ್ಥರ ಸಹಿ ಇಲ್ಲದ ರೆಕಾರ್ಡ್ ತಂದವನನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಆದರೆ ರೆಕಾರ್ಡಿನಲ್ಲಿ ಇರುವ ಅಂಕಿ ಪ್ರಯೋಗದಿಂದ ಬಂದದ್ದಲ್ಲ. ಹೋದ ವರ್ಷದವರ ರೆಕಾರ್ಡಿನಿಂದ ಬಂದದ್ದು. ನಾನು ಬಿಎಸ್ಸಿಯಲ್ಲಿದ್ದಾಗ ಲೋಲಕ ತೂಗಿಸಿ, ಎಣಿಸಿ, ಬಂದ ಉತ್ತರ ಬರೆದೆ. ಪುಸ್ತಕದಲ್ಲಿರುವ ಉತ್ತರಕ್ಕೆ ಸ್ವಲ್ಪ ದೂರ ಇತ್ತು. ಮೇಷ್ಟ್ರು ಕೆಂಪು ಗೆರೆ ಎಳೆದರು. ಪಕ್ಕದವನು ಲೋಲಕ ಮುಟ್ಟದೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದ. ಅವನಿಗೆ ಪೂರ್ತಿ ಅಂಕ. ಅವನೇ ಆಮೇಲೆ ನನಗೆ ಹೇಳಿಕೊಟ್ಟ: ‘ಕರೆಕ್ಟಾಗಿ ಬರೀಬೇಡ ಕಣ್ಲಾ, ಅನುಮಾನ ಬತ್ತದೆ. ಕೊನೇಲಿ ಒಂಚೂರು ತಪ್ಪಿರ್ಬೇಕು.’ ಆ ವಿದ್ಯೆ ನಾನೂ ಕಲಿತೆ. ಮೇಷ್ಟ್ರಾದ ಮೇಲೆ ನನ್ನ ಲ್ಯಾಬಿನಲ್ಲಿ ಇದು ನಡೆಯಬಾರದು ಅಂತ ಹಟ ಇತ್ತು. ಮೊದಲ ವರ್ಷವೇ ಆ ಹಟ ಮುರಿದರು. ‘ಎಲ್ಲಾ ರೆಕಾರ್ಡ್ ಒಂದೇ ಥರ ಇದ್ರೆ ನೋಡೋರಿಗೂ ಸುಲಭ ಕಣ್ರೀ’ ಅಂದರು ಮುಖ್ಯಸ್ಥರು.

ಮೂರನೇ ವರ್ಷ ಕಾಲೇಜಿಗೆ ಒಂದು ತಪಾಸಣಾ ಸಮಿತಿ ಬರುವುದಿತ್ತು. ಮುಖ್ಯಸ್ಥರು ನನ್ನನ್ನು ಕರೆದು, ಲ್ಯಾಬಿನಲ್ಲಿ ಏನಾದರೂ ಹೊಸದು ತೋರಿಸಬೇಕು, ಖರ್ಚಾಗಬಾರದು ಅಂದರು. ನನ್ನ ಹತ್ತಿರ ಅಂಥದೊಂದು ಇತ್ತು. ಎಂಎಸ್ಸಿಯಲ್ಲಿ ಕ್ವಾಂಟಂ ಮೆಕ್ಯಾನಿಕ್ಸ್ ಓದುವಾಗಲೇ ಕ್ವಾಂಟಂ ಕಂಪ್ಯೂಟರ್ ಅನ್ನುವ ಮಾತು ಕಿವಿಗೆ ಬಿದ್ದಿತ್ತು. ಕೊಳ್ಳಲು ಅಂಥ ಯಂತ್ರ ಎಲ್ಲೂ ಇರಲಿಲ್ಲ. ಆದರೆ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಮಾಮೂಲಿ ಕಂಪ್ಯೂಟರಿನಲ್ಲಿ ನಟಿಸಿ ತೋರಿಸುವ ಪ್ರೋಗ್ರಾಮುಗಳನ್ನು ಹೊರದೇಶದ ಕೆಲವರು ಬರೆದು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಇಟ್ಟಿದ್ದರು. ಪ್ರೋಗ್ರಾಮ್ ಮಾತ್ರ ಅಲ್ಲ, ಅದರ ಒಳಗಿನ ಪ್ರತಿ ಸಾಲೂ ತೆರೆದಿತ್ತು. ಯಾರು ಬೇಕಾದರೂ ಓದಬಹುದು, ಬದಲಾಯಿಸಬಹುದು, ಕೇಳಿದವರಿಗೆ ಹಂಚಬಹುದು. ಬದಲಾಯಿಸಿದವನು ಆ ಜಾಗದಲ್ಲಿ ತನ್ನ ಹೆಸರು, ತಾರೀಕು ಬರೆಯುವುದು ಅವರ ರೂಢಿ. ನಂಜನಗೂಡಿನ ಬಜಾರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಅದನ್ನು ಫ್ಲಾಪಿಗಳಿಗೆ ಇಳಿಸಿಕೊಂಡೆ. ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಅನ್ನುವ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಆಫೀಸಿನವರು ಗುಜರಿಗೆ ಅಂತ ಇಟ್ಟಿದ್ದ ಒಂದು ಮೆಷಿನ್ನಿಗೆ. ಪ್ರೋಗ್ರಾಮ್ ಓಡಿದ ದಿನ ಲ್ಯಾಬಿನಲ್ಲಿ ಒಬ್ಬನೇ ಇದ್ದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳುವಂಥವರು ಯಾರೂ ಇರಲಿಲ್ಲ.

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಬಾಗಿಲಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

‘ಆ ಮಿಸನ್ನು ಯಾವ ದೇಸದಲ್ಲದೆ?’

‘ಇನ್ನೂ ಸರಿಯಾಗಿ ಹುಟ್ಟೇ ಇಲ್ಲ.’

‘ಮತ್ತೆ ನೀನು ಓಡಿಸ್ತಾ ಇರೋದು?’

‘ಅದು ಹುಟ್ಟಿದ್ರೆ ಹೆಂಗಿರುತ್ತೆ ಅಂತ ತೋರ್ಸೋ ಪ್ರೋಗ್ರಾಮು.’

‘ಓಗ್ಲಾ. ಕೂಸು ಉಟ್ಟೋಕ್ ಮುಂಚೆ ಕುಲಾವಿ ಒಲ್ಯಕ್ಕೆ ಎಮ್ಮೆಸ್ಸಿ ಓದ್ಬೇಕಾಗಿತ್ತಾ?’ ಅಂದ. ಅವ್ವ ಒಳಗಿನಿಂದ ನಕ್ಕಳು. ನನಗೆ ನಗು ಬರಲಿಲ್ಲ.

ಮುಖ್ಯಸ್ಥರು ಬಂದು ಮೆಷಿನ್ ಮುಂದೆ ನಿಂತರು. ಮುಟ್ಟಲಿಲ್ಲ.

‘ಯಾವ ಕಂಪನೀದು ಇದು?’

‘ಯಾವ ಕಂಪನೀದೂ ಅಲ್ಲ ಸರ್.’

‘ಹಾಗಾದ್ರೆ ಕೆಟ್ಟರೆ ಯಾರನ್ನ ಕೇಳೋದು?’

‘ನಾವೇ ತೆಗೆದು ನೋಡಬಹುದು ಸರ್. ಒಳಗೆ ಏನಿದೆ ಅಂತ ಎಲ್ಲಾ ಓದಬಹುದು.’

‘ನಾನು ಓದಿದ್ರೆ ನಂಗೆ ಅರ್ಥ ಆಗುತ್ತಾ?’

ನಾನು ಪರದೆಯ ಮೇಲಿನ ಧೂಳು ಒರೆಸಿದೆ.

‘ಅಂದ್ರೆ ನಿಮಗೊಬ್ಬರಿಗೇ ಅರ್ಥ ಆಗೋದು. ನೋಡ್ರೀ, ನಿಮ್ಮಂಥವರು ಇಷ್ಟು ದೂರ ಓದ್ಕೊಂಡು ಬಂದಿದ್ದೇ ದೊಡ್ಡದು. ಸಮಿತಿಯವರು ಬಂದು ಹೋಗೋ ತನಕ ಇರಲಿ.’

ನಿಮ್ಮಂಥವರು. ಅವರ ಬಾಯಲ್ಲಿ ಆ ಮಾತು ವಾರಕ್ಕೆ ಎರಡು ಸಲವಾದರೂ ಬರುತ್ತಿತ್ತು, ಪ್ರೀತಿಯಿಂದಲೇ ಅನ್ನುವ ಹಾಗೆ. ಯಾರಂಥವರು ಅಂತ ನಾನು ಕೇಳಲಿಲ್ಲ, ಪಟ್ಟಿ ನೆನಪಾಗುತ್ತಿತ್ತು. ಸಮಿತಿ ಬಂತು, ಚಹಾ ಕುಡಿಯಿತು, ಮೆಷಿನ್ ನೋಡಿ ತಲೆಯಾಡಿಸಿತು. ವರದಿಯಲ್ಲಿ ‘ವಿಭಾಗದ ಮುಖ್ಯಸ್ಥರ ಹೊಸ ಪ್ರಯತ್ನ’ ಅಂತ ಬರೆಯಿತು. ಇರಲಿ. ನನಗೆ ಬೇಕಾಗಿದ್ದದ್ದು ಒಂದೇ: ಅಂತಿಮ ವರ್ಷದ ಹನ್ನೆರಡು ಜನರ ರೆಕಾರ್ಡಿನಲ್ಲಿ ಅದು ಒಂದು ಹೆಚ್ಚುವರಿ ಪ್ರಯೋಗವಾಗಿ ಸೇರಬೇಕು. ವರದಿಯಲ್ಲಿ ಬಂದಿದ್ದರಿಂದ ಅವರು ಬೇಡ ಅನ್ನುವ ಹಾಗಿರಲಿಲ್ಲ.

ಪ್ರಯೋಗ ಸುಲಭ. ಮಾಮೂಲಿ ಕಂಪ್ಯೂಟರಿನ ಬಿಟ್ ಅಂದರೆ ಸೊನ್ನೆ ಅಥವಾ ಒಂದು. ಕ್ವಾಂಟಂ ಬಿಟ್ಟನ್ನು ಅಳೆಯುವ ತನಕ ಎರಡರ ಬೆರಕೆಯಾಗಿ ಇಡಬಹುದು, ಅಳೆದ ಕೂಡಲೇ ಅದು ಸೊನ್ನೆಯೋ ಒಂದೋ ಆಗಿ ಬೀಳುತ್ತದೆ. ಯಾವುದು ಬೀಳುತ್ತದೆ ಅಂತ ಮೊದಲೇ ಹೇಳಲು ಯಾರಿಂದಲೂ ಆಗದು. ಚೌಕಾಬಾರದ ಕವಡೆ ಕೈಯಲ್ಲಿ ಕುಲುಕುತ್ತಿರುವಾಗ ಬೋರಲೂ ಅಲ್ಲ ಅಂಗಾತವೂ ಅಲ್ಲ, ನೆಲಕ್ಕೆ ಬಿದ್ದ ಮೇಲೇ ಲೆಕ್ಕ, ಅಂತ ಹೇಳಿದೆ. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ಅರ್ಥವಾಯಿತು. ಪ್ರೋಗ್ರಾಮಿನಲ್ಲಿ ನೂರು ಸಲ ಅಳೆಯಬೇಕು, ಸೊನ್ನೆ ಎಷ್ಟು ಸಲ ಬಂತು ಅಂತ ಬರೆಯಬೇಕು. ಐವತ್ತರ ಆಸುಪಾಸು ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬರುತ್ತದೆ. ಹಾಗೆ ಬೇರೆ ಬರುವುದೇ ಪಾಠ.

ಅವತ್ತು ಮಾತ್ರ ಆ ಲ್ಯಾಬಿನಲ್ಲಿ ಒಬ್ಬರ ಪುಸ್ತಕ ಒಬ್ಬರು ನೋಡಲಿಲ್ಲ. ನೋಡಿ ಪ್ರಯೋಜನ ಇರಲಿಲ್ಲ. ನಲವತ್ತೇಳು, ಐವತ್ತೆರಡು, ಐವತ್ತಾರು ಅಂತ ಬಂತು. ತಾಂಡವಪುರದಿಂದ ಬರುತ್ತಿದ್ದ ಒಬ್ಬ ಹುಡುಗಿಗೆ ಅರವತ್ತೊಂದು ಬಂತು.

‘ಸಾ, ನಂದು ಜಾಸ್ತಿ ಬಂದದೆ.’

‘ಬಂದಿದ್ದನ್ನ ಬರಿ.’

‘ಕೆಂಪು ಗೆರೆ ಎಳೆದ್ರೆ?’

‘ನಾನು ಇದೀನಲ್ಲ’ ಅಂದೆ. ಬರೆದಳು. ತುಂಬಾ ಬುದ್ಧಿವಂತೆ, ಮಾತು ಕಡಿಮೆ, ಅವರ ಮನೆಯಲ್ಲೂ ಕಾಲೇಜು ಕಂಡವಳು ಅವಳೇ ಮೊದಲು. ಎಂಎಸ್ಸಿ ಸೀಟಿಗೆ ಅವಳಿಗೆ ಪ್ರಾಕ್ಟಿಕಲ್ಲಿನ ಒಂದೊಂದು ಅಂಕವೂ ಬೇಕಾಗಿತ್ತು.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಹನ್ನೆರಡು ರೆಕಾರ್ಡ್ ಸಹಿಗೆ ಹೋದವು. ಸಹಿ ಇಲ್ಲದೆ ವಾಪಸ್ ಬಂದವು. ಆ ಹುಡುಗಿಯ ಅರವತ್ತೊಂದಕ್ಕೆ ಕೆಂಪು ಸೊನ್ನೆ ಸುತ್ತಿತ್ತು. ನಾನು ಮುಖ್ಯಸ್ಥರ ಕೋಣೆಗೆ ಹೋದೆ.

‘ಹನ್ನೆರಡು ಜನಕ್ಕೆ ಹನ್ನೆರಡು ಉತ್ತರ. ಯಾವುದ್ರೀ ಸರಿ?’

‘ಎಲ್ಲಾ ಸರಿ ಸರ್.’

‘ಎಲ್ಲಾ ಸರಿ ಅಂದ್ರೆ ಯಾವುದೂ ಸರಿಯಿಲ್ಲ ಅಂತ. ಥಿಯರಿ ಐವತ್ತು ಅನ್ನುತ್ತೆ. ಇವಳದ್ದು ಅರವತ್ತೊಂದು. ನಿಮ್ಮ ಬಿಟ್ಟಿ ಪ್ರೋಗ್ರಾಮ್ ಕೆಟ್ಟಿದೆ.’

‘ಸರ್, ಪ್ರತಿ ಸಲ ಸರಿಯಾಗಿ ಐವತ್ತೇ ಬಂದರೆ ಆಗ ಕೆಟ್ಟಿದೆ ಅಂತ ಅರ್ಥ.’

‘ನೀವು ನಂಗೆ ಪಾಠ ಮಾಡ್ತೀರೋ? ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದು ಇದನ್ನ ನೋಡಿ ನಗ್ತಾನೆ. ನಗೋದು ಯಾರನ್ನ? ಸಹಿ ಮಾಡಿದವನನ್ನ. ಒಂದು ಉತ್ತರ ತನ್ನಿ, ಸಹಿ ಹಾಕ್ತೀನಿ. ಇಲ್ಲಾಂದ್ರೆ ಹುಡುಗರು ಪರೀಕ್ಷೆಗೆ ಕೂರೋದು ಬೇಡ.’

‘ಪ್ರಯೋಗನೇ ತೆಗೆದುಬಿಡೋಣ ಸರ್.’

‘ಸಮಿತಿ ವರದೀಲಿ ಬಂದಿದೆಯಲ್ಲ. ತೆಗೆದ್ರೆ ಪ್ರಿನ್ಸಿಪಾಲರು ನನ್ನ ಕೇಳ್ತಾರೆ.’

ಮಾತು ಮುಗಿಸಿ ಕನ್ನಡಕ ಒರೆಸಿಕೊಂಡರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಕ್ವಾಂಟಂ ಮೆಕ್ಯಾನಿಕ್ಸ್ ಪಾಠ ಮಾಡುತ್ತಿದ್ದವರು. ನೋಟ್ಸ್ ಓದಿ ಬರೆಸುತ್ತಿದ್ದರು ಅಂತ ಹೇಳಬೇಕು. ಇಪ್ಪತ್ತು ವರ್ಷ ‘ಸಂಭವನೀಯತೆ’ ಅಂತ ಬರೆಸಿದ ಮನುಷ್ಯನಿಗೆ ಅದು ಎದುರಿಗೆ ಬಂದು ನಿಂತರೆ ಗುರುತು ಸಿಗಲಿಲ್ಲ. ಇವತ್ತಿಗೂ ಅವರ ಮೇಲೆ ನನಗೆ ಕರುಣೆ ಹುಟ್ಟಿಲ್ಲ, ಹುಟ್ಟಿಸಿಕೊಳ್ಳುವ ಆಸೆಯೂ ಇಲ್ಲ.

ಹೊರಗೆ ಹುಡುಗರು ಕಾಯುತ್ತಿದ್ದರು. ನನ್ನ ಪರವಾಗಿ ಇರುತ್ತಾರೆ ಅಂದುಕೊಂಡಿದ್ದೆ.

‘ಸಾ, ನಿಮ್ ಶೋಕಿಗೆ ನಮ್ ಎಕ್ಸಾಮ್ ಹಾಳ್ಮಾಡ್ಬೇಡಿ’ ಅಂದ ಒಬ್ಬ. ಅವರ ಮನೆಯಲ್ಲಿ ಗದ್ದೆ, ಡೈರಿ ಎಲ್ಲ ಇತ್ತು, ಪರೀಕ್ಷೆ ಹೋದರೂ ಅವನಿಗೆ ಅಂಥ ನಷ್ಟ ಇರಲಿಲ್ಲ. ‘ಎಷ್ಟು ಬರೀಬೇಕು ಅಂತ ಹೇಳಿ ಸಾ, ಬರ್ಕೊಡ್ತೀವಿ. ಅದಕ್ಯಾಕೆ ಇಷ್ಟು ರಾಮಾಯಣ?’

‘ಬಂದಿದ್ದನ್ನ ಬರೀಬೇಕು ಕಣಯ್ಯಾ.’

‘ಬಂದಿದ್ದನ್ನೇ ಬರೆದ್ವಲ್ಲ ಸಾ. ಏನಾಯ್ತು?’

ತಾಂಡವಪುರದ ಹುಡುಗಿ ಕೆಂಪು ಸೊನ್ನೆ ಇದ್ದ ಪುಟ ತೆರೆದು ನನ್ನ ಕಡೆ ಹಿಡಿದುಕೊಂಡು ನಿಂತಳು.

ಪ್ರಿನ್ಸಿಪಾಲರ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ. ಹನ್ನೆರಡು ಜನರ ಮುಂದೆ ನಿಂತು ‘ಸಹಿ ಬೇಡ, ನಾವು ಜಗಳ ಆಡೋಣ’ ಅನ್ನಬಹುದಿತ್ತು. ಅನ್ನಲಿಲ್ಲ. ಆಮೇಲೆ ಮಾಡಿದ್ದನ್ನು ಅವರ ಪರೀಕ್ಷೆ ಉಳಿಸಲು ಮಾಡಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಪಟ್ಟಿ.

ಭಾನುವಾರ ಮಧ್ಯಾಹ್ನ ಅಟೆಂಡರ್ ಬಂದು ಬೀಗ ತೆಗೆದುಕೊಟ್ಟ. ಆ ಲ್ಯಾಬಿನಲ್ಲಿ ಕೂದಲು ಬೆಳ್ಳಗಾದವನು ಅವನು. ಎಲ್ಲಾ ಪ್ರಯೋಗದ ‘ಸರಿಯಾದ’ ಉತ್ತರ ಅವನಿಗೆ ಬಾಯಿಪಾಠ.

‘ಏನ್ಸಾ, ಬಾನ್ವಾರನೂ ಬುಡಾಕಿಲ್ವಾ?’

‘ಒಂದು ಉತ್ತರ ಮಾಡ್ಬೇಕು.’

‘ಮೊದ್ಲೇ ನನ್ನ ಕೇಳಿದ್ರೆ ಏಳ್ಕೊಡ್ತಿದ್ದೆ’ ಅಂದು ಬೆಂಚಿನ ಮೇಲೆ ಮಲಗಿದ.

ಕಂಪ್ಯೂಟರಿಗೆ ನಿಜವಾಗಿ ಕವಡೆ ಎಸೆಯಲು ಬರುವುದಿಲ್ಲ. ಆ ಕ್ಷಣಕ್ಕೆ ಗಡಿಯಾರದಲ್ಲಿ ಇರುವ ಸಂಖ್ಯೆಯನ್ನು ಬೀಜ ಅಂತ ಇಟ್ಟುಕೊಂಡು, ಅದರಿಂದ ಒಂದು ಉದ್ದನೆಯ ಲೆಕ್ಕ ಹಾಕಿ, ಸೊನ್ನೆ ಒಂದುಗಳನ್ನು ಉದುರಿಸುತ್ತದೆ. ಗಡಿಯಾರ ಓಡುತ್ತಿರುವುದರಿಂದ ಬೀಜ ಬದಲಾಗುತ್ತದೆ, ಬೆಳೆಯೂ ಬದಲಾಗುತ್ತದೆ. ಆ ಸಾಲನ್ನು ಹುಡುಕಿದೆ. ಗಡಿಯಾರವನ್ನು ತೆಗೆದು ಅಲ್ಲಿ ಒಂದು ಸಂಖ್ಯೆ ಇಟ್ಟೆ. ಇನ್ನು ಯಾರು, ಎಷ್ಟು ಸಲ ಓಡಿಸಿದರೂ ಒಂದೇ ಉತ್ತರ. ಯಾವ ಸಂಖ್ಯೆ ಇಡಬೇಕು ಅನ್ನುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಒಂದು ಇಟ್ಟರೆ ನಲವತ್ತೈದು ಬಂತು. ಇನ್ನೊಂದು ಇಟ್ಟರೆ ಸರಿಯಾಗಿ ಐವತ್ತು ಬಂತು. ಅದನ್ನು ಬಿಟ್ಟೆ, ಕರೆಕ್ಟಾಗಿ ಬಂದರೆ ಅನುಮಾನ ಬರುತ್ತದೆ. ಆಮೇಲೆ ಒಂದಕ್ಕೆ ಐವತ್ತಮೂರು ಬಂತು. ಒಂಚೂರು ತಪ್ಪಿದೆ, ನಂಬುವ ಹಾಗಿದೆ. ಅದನ್ನೇ ಇಟ್ಟೆ.

ನನಗಿಂತ ಮೊದಲು ಆ ಕಡತದಲ್ಲಿ ಕೈಯಾಡಿಸಿದ್ದವರೆಲ್ಲ ತಮ್ಮ ತಮ್ಮ ಸಾಲಿನ ಪಕ್ಕ ಹೆಸರು ಬರೆದಿದ್ದರು. ನಾನು ಬರೆಯಲಿಲ್ಲ.

ಸೋಮವಾರ ಹನ್ನೆರಡು ಜನರನ್ನೂ ಕರೆದು ಮತ್ತೆ ಓಡಿಸಿದೆ. ‘ಪ್ರೋಗ್ರಾಮ್ ಸರಿ ಮಾಡಿದೀನಿ’ ಅಂದೆ. ಎಲ್ಲರಿಗೂ ಐವತ್ತಮೂರು. ಎರಡನೇ ಸಲ ರೆಕಾರ್ಡ್ ಬರೆಯಬೇಕಾಯಿತಲ್ಲ ಅಂತ ಬೈಯುತ್ತಾ ಬರೆದರು, ಆದರೆ ಮುಖದಲ್ಲಿ ನೆಮ್ಮದಿ ಇತ್ತು. ತಾಂಡವಪುರದ ಹುಡುಗಿ ಮಾತ್ರ ಎರಡು ಸಲ ಓಡಿಸಿದಳು. ಮೂರನೇ ಸಲವೂ ಓಡಿಸಿದಳು.

‘ಸಾ, ಇದು ಬದಲಾಯ್ತಾನೇ ಇಲ್ಲ.’

‘ಬರಿಯಮ್ಮ ಸುಮ್ನೆ.’

‘ಅರವತ್ತೊಂದು ತಪ್ಪಾಗಿತ್ತಾ?’

‘ಬರಿ ಅಂದೆನಲ್ಲ’ ಅಂದೆ. ಗಟ್ಟಿಯಾಗಿಯೇ ಅಂದೆ. ಬರೆದಳು. ಮುಖ್ಯಸ್ಥರು ಅವತ್ತು ಸಂಜೆಯೇ ಹನ್ನೆರಡಕ್ಕೂ ಸಹಿ ಹಾಕಿದರು. ‘ನೋಡಿದ್ರಾ, ಮನಸ್ಸು ಮಾಡಿದ್ರೆ ನಿಮಗೂ ಆಗುತ್ತೆ’ ಅಂದರು.

ಪರೀಕ್ಷೆಗೆ ಮೈಸೂರಿನ ಇನ್ನೊಂದು ಕಾಲೇಜಿನಿಂದ ಪರೀಕ್ಷಕರು ಬಂದರು. ಅವರೂ ನನಗೆ ಹಿಡಿಸಲಿಲ್ಲ. ಮೇಷ್ಟ್ರ ಮಕ್ಕಳು ಮೇಷ್ಟ್ರಾಗಿದ್ದವರ ಮಾತಿನಲ್ಲಿ ಒಂದು ಆರಾಮ ಇರುತ್ತದೆ, ಅದು ಅವರಲ್ಲಿತ್ತು. ಹುಡುಗರು ಚೀಟಿ ಎತ್ತಿ ತಮ್ಮ ತಮ್ಮ ಪ್ರಯೋಗಕ್ಕೆ ಕೂತರು. ಪರೀಕ್ಷಕರು ರೆಕಾರ್ಡ್ ತಿರುಗಿಸುತ್ತಾ ಹೋದವರು ಕ್ವಾಂಟಂ ಪ್ರಯೋಗದ ಪುಟದಲ್ಲಿ ನಿಂತರು. ಇನ್ನೊಂದು ರೆಕಾರ್ಡ್ ತೆಗೆದರು. ಮತ್ತೊಂದು. ಹನ್ನೆರಡನ್ನೂ ಒಂದೇ ಪುಟಕ್ಕೆ ತೆರೆದು ಸಾಲಾಗಿ ಬೆಂಚಿನ ಮೇಲೆ ಇಟ್ಟರು. ಲೋಲಕದ ಪುಟ ಹೀಗೆ ಇಟ್ಟಿದ್ದರೂ ಹನ್ನೆರಡೂ ಒಂದೇ ಇರುತ್ತಿದ್ದವು. ಅದನ್ನು ಯಾರೂ ಯಾವತ್ತೂ ಹಾಗೆ ಇಟ್ಟು ನೋಡಿದವರಿಲ್ಲ.

ಹತ್ತಿರ ಇದ್ದವಳು ತಾಂಡವಪುರದ ಹುಡುಗಿ. ಕರೆದರು.

‘ಇದು ನೀನೇ ಮಾಡಿದ್ದೇನಮ್ಮಾ?’

‘ಊಂ ಸಾ.’

‘ಮಾಡಿ ತೋರಿಸು.’

ಓಡಿಸಿದಳು. ಐವತ್ತಮೂರು. ಇನ್ನೊಂದು ಸಲ ಅಂದರು. ಐವತ್ತಮೂರು. ಇನ್ನೊಂದು ಸಲ.

‘ಇದೇನಮ್ಮಾ, ಹೇಳಿಕೊಟ್ಟ ಗಿಣಿ ಇದ್ದಂಗಿದೆಯಲ್ಲ ನಿಮ್ಮ ಕ್ವಾಂಟಂ?’

‘ಮೊದ್ಲು ಬೇರೆ ಬೇರೆ ಬರ್ತಿತ್ತು ಸಾ. ನಂಗೆ ಅರವತ್ತೊಂದು ಬಂದಿತ್ತು. ಆಮೇಲೆ ಒಂದು ಸಾಲು ಬದಲಾಯ್ಸವ್ರೆ.’

‘ನಿಂಗೆ ಹೇಗೆ ಗೊತ್ತು?’

‘ತೆಗೆದು ಓದ್ದೆ ಸಾ. ಅದು ಓದಕ್ಕೆ ಬಿಟ್ಟವ್ರೆ.’

ಅವಳು ಓದಿದ್ದು ನನಗೆ ಗೊತ್ತಿರಲಿಲ್ಲ. ಯಾವಾಗ ಓದಿದಳೋ, ಯಾರು ಹೇಳಿಕೊಟ್ಟರೋ. ಕಡತ ತೆರೆದು ಬೆರಳಿಟ್ಟು ತೋರಿಸಿದಳು. ಪರೀಕ್ಷಕರು ಬಗ್ಗಿ ನೋಡಿದರು.

‘ಬೇರೆ ಬದಲಾವಣೆಗೆಲ್ಲಾ ಹೆಸರಿದೆ. ಇದಕ್ಕೆ ಇಲ್ಲ. ಯಾರು ಮಾಡಿದ್ದು?’

ಹುಡುಗಿ ತಲೆ ತಗ್ಗಿಸಿದಳು. ಅವಳಿಗೆ ಗೊತ್ತಿತ್ತು. ಹೇಳಲಿಲ್ಲ.

‘ನೋಡಿ’ ಅಂದರು ಪರೀಕ್ಷಕರು ಮುಖ್ಯಸ್ಥರಿಗೆ, ‘ಹುಡುಗರು ಮಾಡಿದ್ದಾದ್ರೆ ಇದು ಮಾಲ್‌ಪ್ರಾಕ್ಟೀಸ್. ಹನ್ನೆರಡು ರೆಕಾರ್ಡಿಗೂ ಸೊನ್ನೆ ಹಾಕಿ, ವರದಿ ಬರೆದು ಹೋಗ್ತೀನಿ.’

‘ಹುಡುಗರೇ ಇರಬೇಕು ಸರ್’ ಅಂದರು ಮುಖ್ಯಸ್ಥರು ಕೂಡಲೇ. ‘ಈಗಿನ ಹುಡುಗರಿಗೆ ಕಂಪ್ಯೂಟರ್ ಅಂದ್ರೆ ನೀರು ಕುಡಿದ ಹಾಗೆ.’

ಅಲ್ಲಿಯ ತನಕ ನಾನು ಬಾಯಿ ಬಿಟ್ಟಿರಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಅವರು ಹುಡುಗರ ಮೇಲೆ ಹಾಕದೆ ಇದ್ದಿದ್ದರೆ ಇನ್ನೂ ಎಷ್ಟು ಹೊತ್ತು ಸುಮ್ಮನಿರುತ್ತಿದ್ದೆನೋ ನನಗೇ ಗೊತ್ತಿಲ್ಲ.

‘ನಾನು ಮಾಡಿದ್ದು ಸರ್’ ಅಂದೆ. ‘ಒಂದು ಉತ್ತರ ತನ್ನಿ, ಇಲ್ಲಾಂದ್ರೆ ಸಹಿ ಹಾಕಲ್ಲ ಅಂತ ಇವರು ಅಂದ್ರು. ಅದಕ್ಕೆ ಮಾಡಿದೆ.’

ಲ್ಯಾಬಿನಲ್ಲಿ ಹನ್ನೆರಡು ಜನರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು.

‘ಅಂದೆ’ ಅಂದರು ಮುಖ್ಯಸ್ಥರು. ದನಿ ಏರಿಸಲಿಲ್ಲ. ‘ಒಂದು ಉತ್ತರ ತನ್ನಿ ಅಂದೆ. ಸುಳ್ಳು ಉತ್ತರ ತನ್ನಿ ಅಂದ್ನಾ? ನನಗೆ ಆ ಮೆಷಿನ್ ಆನ್ ಮಾಡೋಕೂ ಬರಲ್ಲ ಸರ್. ಇವರು ಪಾರ್ಟ್ ಟೈಮಿನವರು. ಇಂಥವರನ್ನ ನಂಬಿ ಲ್ಯಾಬ್ ಬಿಟ್ಟಿದ್ದು ನನ್ನ ತಪ್ಪು.’

‘ಅರವತ್ತೊಂದಕ್ಕೆ ಕೆಂಪು ಸೊನ್ನೆ ಸುತ್ತಿದ್ದು ಯಾರು?’ ಅಂತ ಕೇಳಿದೆ.

‘ತಪ್ಪಾಗಿ ಕಂಡಿದ್ದಕ್ಕೆ ಸುತ್ತಿದೆ. ನಿಮಗೆ ಸರಿ ಅಂತ ಗೊತ್ತಿತ್ತಲ್ಲ? ಗೊತ್ತಿದ್ದು ಯಾಕೆ ಬದಲಾಯಿಸಿದ್ರಿ?’

ಆ ಮನುಷ್ಯ ಮೂರು ವರ್ಷದಲ್ಲಿ ಆಡಿದ ಮಾತುಗಳಲ್ಲಿ ಸರಿಯಾಗಿದ್ದದ್ದು ಅದೊಂದೇ. ಅದಕ್ಕೇ ಅದನ್ನು ನನ್ನಿಂದ ಮರೆಯಲು ಆಗಿಲ್ಲ.

‘ನಿಮ್ಮ ಮನೆ ಜಗಳ ನನಗೆ ಬೇಡ’ ಅಂದರು ಪರೀಕ್ಷಕರು. ಹುಡುಗಿಯ ಕಡೆ ತಿರುಗಿ, ‘ಆ ಸಾಲು ಮೊದಲು ಇದ್ದ ಹಾಗೆ ಮಾಡೋಕೆ ಬರುತ್ತೇನಮ್ಮಾ?’ ಅಂತ ಕೇಳಿದರು.

ಅವಳು ನನ್ನನ್ನು ನೋಡಲಿಲ್ಲ. ಕೂತು, ನಾನಿಟ್ಟ ಸಂಖ್ಯೆ ಅಳಿಸಿ, ಗಡಿಯಾರವನ್ನು ವಾಪಸ್ ಇಟ್ಟಳು. ಓಡಿಸಿದಳು. ನಲವತ್ತನಾಲ್ಕು ಬಂತು. ಪರೀಕ್ಷಕರು ಅವಳ ರೆಕಾರ್ಡಿನಲ್ಲಿ ಐವತ್ತಮೂರನ್ನು ಹೊಡೆದುಹಾಕಿ ನಲವತ್ತನಾಲ್ಕು ಬರೆದು ಪಕ್ಕದಲ್ಲಿ ಸಹಿ ಮಾಡಿದರು. ಉಳಿದ ಹನ್ನೊಂದು ಜನರೂ ಒಬ್ಬೊಬ್ಬರಾಗಿ ಬಂದು ಓಡಿಸಿ, ಬಂದಿದ್ದನ್ನು ಬರೆಸಿಕೊಂಡು ಹೋದರು. ಯಾರ ರೆಕಾರ್ಡಿಗೂ ಸೊನ್ನೆ ಬೀಳಲಿಲ್ಲ. ಅವಳಿಗೆ ಪ್ರಾಕ್ಟಿಕಲ್ಲಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂತು ಅಂತ ಆಮೇಲೆ ಕೇಳಿದೆ. ಆ ಬೇಸಿಗೆಯ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡು ವರ್ಷ ತಿ. ನರಸೀಪುರದ ಒಂದು ಟ್ಯುಟೋರಿಯಲ್ಲಿನಲ್ಲಿ ಫೇಲಾದವರಿಗೆ ಪಾಠ ಮಾಡಿದೆ.

ಆ ಮಧ್ಯಾಹ್ನದ್ದು ಇನ್ನೂ ಸ್ವಲ್ಪ ಇದೆ. ಪರೀಕ್ಷಕರ ಕಾರು ಹೋದ ಮೇಲೆ ಅಟೆಂಡರ್ ನನ್ನ ಹತ್ತಿರ ಬಂದ.

‘ಸಾ, ಮೆಷಿನ್ನಲ್ಲಿರೋದ್ನ ಅಳ್ಸಾಕು ಅಂತವ್ರೆ ದೊಡ್ಡವ್ರು. ಏನ್ ಒತ್ಬೇಕು?’

‘ಹೇಳಿದವರನ್ನೇ ಕೇಳು.’

‘ಅವ್ರಿಗೆ ಬರಾಕಿಲ್ವಲ್ಲ ಸಾ.’

‘ಬರದಿದ್ರೆ ಕಲೀಲಿ’ ಅಂದೆ. ಅವನು ನಕ್ಕು ಪ್ಲಗ್ ಕಿತ್ತು ಹೋದ.

ಅವನು ಹೋದ ಮೇಲೆ ಆ ಹುಡುಗಿ ಬಾಗಿಲಿಗೆ ಬಂದಳು. ಅಳಿಸುವ ಮಾತು ಅವಳ ಕಿವಿಗೂ ಬಿದ್ದಿತ್ತು. ಕೈಯಲ್ಲಿ ಹೊಸ ಫ್ಲಾಪಿಗಳು, ಬಜಾರಿನಿಂದ ಆಗಷ್ಟೇ ತಂದದ್ದು.

‘ಸಾ, ಅವ್ರು ಅಳ್ಸೋಕ್ ಮುಂಚೆ ಒಂದು ಕಾಪಿ ಮಾಡ್ಕೊಳ್ಳಾ?’

‘ನನ್ನ ಯಾಕೆ ಕೇಳ್ತೀಯ?’

ತಾನೇ ಪ್ಲಗ್ ಹಾಕಿ ಕೂತಳು. ನಾನು ಬೆಂಚಿನ ಮೇಲಿನ ತಂತಿ, ಲೆನ್ಸು ಎತ್ತಿಡುತ್ತಾ ಇದ್ದೆ. ಸಹಾಯ ಮಾಡಲಿಲ್ಲ. ಎಲ್ಲರೆದುರು ನನ್ನನ್ನು ಬೆತ್ತಲೆ ಮಾಡಿದವಳು ಅವಳು ಅನ್ನುವ ಸಿಟ್ಟು ಇತ್ತು. ಅವಳು ನನ್ನ ಹೆಸರು ಎತ್ತಿರಲಿಲ್ಲ, ಸುಳ್ಳೂ ಹೇಳಿರಲಿಲ್ಲ, ನಾನು ಕಲಿಸಿದ್ದನ್ನೇ ಮಾಡಿದ್ದಳು. ಇದೆಲ್ಲ ಗೊತ್ತಿದ್ದೂ ಸಿಟ್ಟು ಇತ್ತು. ಮುಖ್ಯಸ್ಥರ ಮೇಲಿನ ಸಿಟ್ಟಿಗಿಂತ ಹೆಚ್ಚೇ ಇತ್ತು.

‘ಸಾ, ಕೊನೇ ಫ್ಲಾಪಿ ಕೆಟ್ಟೋಗದೆ. ತಗೊಳ್ತಾ ಇಲ್ಲ. ನಿಮ್ಮ ಹತ್ರ ಒಂದು ಇದ್ದದಾ?’

ನನ್ನ ಚೀಲದಲ್ಲಿ ಆ ಪ್ರೋಗ್ರಾಮ್ ಇಳಿಸಿಕೊಂಡಿದ್ದ ಫ್ಲಾಪಿಗಳ ಪೂರ್ತಿ ಸೆಟ್ಟೇ ಇತ್ತು, ರಬ್ಬರ್ ಬ್ಯಾಂಡ್ ಹಾಕಿದ್ದು.

‘ಇಲ್ಲ’ ಅಂದೆ.

ಅವಳು ಚೀಲದ ಕಡೆ ನೋಡಲೂ ಇಲ್ಲ. ‘ಹೋಗ್ಲಿ ಬುಡಿ ಸಾ’ ಅಂದು ಬಂದಷ್ಟನ್ನು ಸೆರಗಿನಲ್ಲಿ ಒರೆಸಿ, ಪೇಪರಿನಲ್ಲಿ ಸುತ್ತಿಕೊಂಡು ತಾಂಡವಪುರದ ಬಸ್ಸಿಗೆ ಹೋದಳು. ಒಂದೇ ಕಡತವನ್ನು ತುಂಡು ಮಾಡಿ ತುಂಬಿದ್ದು, ಕೊನೆಯ ಫ್ಲಾಪಿ ಇಲ್ಲದೆ ಉಳಿದವು ಯಾವ ಕೆಲಸಕ್ಕೂ ಬರುವುದಿಲ್ಲ. ಬಸ್ಸು ಹೊರಟ ಮೇಲೆ ನನಗೆ ಬುದ್ಧಿ ಬಂತು, ಹಿಂದೆ ಓಡಿದೆ, ಸಿಗಲಿಲ್ಲ ಅಂತ ಇಲ್ಲಿ ಬರೆಯಬಹುದಿತ್ತು, ಆದರೆ ನಡೆದದ್ದು ಅದಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅವಳು ಅರ್ಧ ಗಂಟೆ ನಿಂತಿದ್ದಳು. ನಾನು ಎದುರಿಗೆ, ನರಸೀಪುರದ ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತಿದ್ದೆ. ಚೀಲ ತೊಡೆಯ ಮೇಲಿತ್ತು.